ಹಿಂದಿನಿಂದ ಎಣಿಸುವುದು

ಹೂವಿನ ಲೆಕ್ಕ ಹಿಂದಿನಿಂದ.
ಜನವರಿ ಇಪ್ಪತ್ತಾರಕ್ಕೆ ಅರಳಿರಬೇಕೆಂದು ಕಚೇರಿಯ ಪತ್ರ,
ಮೊಹರು, ಸಹಿ, ಕುಂಡ ನಾನೂರು, ಬಣ್ಣ ನೇರಳೆ.
ನಾನು ಬೆರಳ ಗೆಣ್ಣುಗಳ ಮೇಲೆ ಹಿಮ್ಮುಖ ಇಳಿಯುತ್ತೇನೆ:
ಅರಳಲು ಇಷ್ಟು, ಮೊಗ್ಗಿಗೆ ಇಷ್ಟು,
ಕುಂಡಕ್ಕೆ ಒಗ್ಗಲು ಒಂದು ವಾರ,
ಮೊಳೆಯಲು ಎಂಟು ದಿನ ಎನ್ನುತ್ತದೆ ಪೊಟ್ಟಣ.
ಪೊಟ್ಟಣ ಗಾಳಿಬೀಡನ್ನು ಕಂಡಿಲ್ಲ.

ಚಳಿಗೆಂದೇ ಬೇರೆ ಹದಿನೈದು ದಿನ ಎತ್ತಿಡುತ್ತೇನೆ,
ಕೂಲಿಯ ಚೀಟಿಯಲ್ಲಿ ಚಹಾಕ್ಕೆ ಎತ್ತಿಟ್ಟ ಹಾಗೆ.
ಒಟ್ಟು ನೂರು. ಬೆರಳು ಹೋಗಿ ನಿಂತದ್ದು
ತುಲಾ ಸಂಕ್ರಮಣದ ಮರುದಿನ.

ಅಂದು ಪಕ್ಕದ ಮನೆಯವರು ತಲಕಾವೇರಿಯಿಂದ
ಬಾಟಲಿಯಲ್ಲಿ ತೀರ್ಥ ತಂದುಕೊಟ್ಟರು.
ಒಂದು ಚಮಚ ಕುಡಿದೆ, ಒಂದು ಚಮಚ ಟ್ರೇಗೆ.
ಪೆಟೂನಿಯಾ ಬೀಜವೆಂದರೆ ಬೀಜವಲ್ಲ, ನಶ್ಯ.
ಸೀನಿದರೆ ಹಾರಿಹೋಗುವ ನಾನೂರು ಕುಂಡ.
ಉಸಿರು ಕಟ್ಟಿ ಉದುರಿಸಿದೆ.
ಮೇಲೆ ಮಣ್ಣು ಮುಚ್ಚಬಾರದು, ಅದಕ್ಕೆ ಬೆಳಕು ಬೇಕು;
ಬೆಳಕು ಎಲ್ಲಿತ್ತು? ಮಳೆ ಇನ್ನೂ
ಚೀಲ ಹೆಗಲಿಗೇರಿಸಿ ಬಾಗಿಲಲ್ಲೇ ನಿಂತಿತ್ತು,
ಹೊರಟೆ ಹೊರಟೆ ಎನ್ನುತ್ತಲೇ ಇರುವ ನೆಂಟನ ಹಾಗೆ.

ಎಂಟು ದಿನ. ಒಂಬತ್ತು. ಹನ್ನೆರಡು.
ಟ್ರೇಯ ಮೇಲೆ ಹಸಿರು ಬಂತು.
ಪಾಚಿ.

"ಬೆಚ್ಚಗಿನ ಜಾಗವೊಂದು ಬೇಕಿತ್ತು ಮೊಯ್ದುಕ್ಕಾ" ಎಂದೆ,
ಬನ್ನು ಕೊಳ್ಳಲು ಹೋದವಳು, ಸುಮ್ಮನೆ ಸಂಕಟ ಹೇಳಿಕೊಂಡಂತೆ.
ಅವರು ಹಿಟ್ಟಿನ ಕೈ ಒರೆಸಿಕೊಂಡು
ಬೇಕರಿಯ ಒಲೆಯ ಮೇಲಣ ಅಟ್ಟ ತೋರಿಸಿದರು:
ರಸ್ಕು ಆರಿಸುವ ಹಲಗೆ, ನೆತ್ತಿಗೆ ಗಾಜಿನ ಹೆಂಚು ಎರಡು.
"ಯೀಸ್ಟಿಗೆ ಹಿತವಾದ ಬಿಸಿ ಬೀಜಕ್ಕೂ ಹಿತ.
ಉಬ್ಬುವುದೇ ತಾನೇ ಎರಡರದೂ ಕಸುಬು?"
ನವೆಂಬರ್ ಒಂದಕ್ಕೆ ಎರಡನೇ ಪೊಟ್ಟಣ ಒಡೆದೆ.
ನನ್ನ ನೂರು ಅಷ್ಟರಲ್ಲಿ ಎಂಬತ್ತಾರು.

ಏಳನೆಯ ಬೆಳಿಗ್ಗೆ ಏಣಿ ಹತ್ತಿ ನೋಡಿದರೆ
ಟ್ರೇಯ ತುಂಬ ಹಸಿರು ಅಲ್ಪವಿರಾಮ.
ಬ್ರೆಡ್ಡಿನ ವಾಸನೆಯಲ್ಲಿ ಕಣ್ಣು ಬಿಟ್ಟವು.

ಹುತ್ತರಿಯ ಹೊತ್ತಿಗೆ ನಾಲ್ಕೆಲೆ.
ಐಸ್‌ಕ್ರೀಂ ಕಡ್ಡಿಯಿಂದ ಒಂದೊಂದನ್ನೇ ಎಬ್ಬಿಸಿ
ಕುಂಡಕ್ಕಿಳಿಸುವಷ್ಟರಲ್ಲಿ ಚಂದ್ರ ಮೇಲೆ ಬಂದಿದ್ದ.
ಗದ್ದೆಯ ಕಡೆಯಿಂದ ಕೋವಿಯ ಸದ್ದು, ಪೊಲಿ ಪೊಲಿ ದೇವಾ.
ಕದಿರು ಮನೆ ಸೇರಿದ ಮೇಲೆ ಓಡಿದೆ;
ನನ್ನ ಉಗುರ ಮಣ್ಣು ಕಂಡು ಅತ್ತಿಗೆ
ಇವಳದ್ದು ಬೇರೆಯೇ ಬೆಳೆ ಎಂದಳು.

ಡಿಸೆಂಬರಿನಲ್ಲಿ ಗಿಡ ಬೆಳೆಯುವುದಿಲ್ಲ,
ಯೋಚಿಸುತ್ತದೆ.
ಒಂಬತ್ತು ಗಂಟೆಗೂ ಮಂಜು ಬಿಡದ ಸಾಲಿನ ನಡುವೆ
ನಾನು ಚಪ್ಪಲಿ ಕಳಚಿ ನಿಲ್ಲುತ್ತೇನೆ.
ಅಂಗಾಲನ್ನು ಮಣ್ಣು ಕಚ್ಚಿದರೆ ನೀರು ಬೇಡ,
ಕಚ್ಚದೆ ಬಿಟ್ಟರೆ ಅರ್ಧ ಲೋಟ.
ಗೋಡೆಯಲ್ಲಿ ಉಷ್ಣಮಾಪಕವೂ ಒಂದಿದೆ;
ಅದಕ್ಕೆ ಕಾಲಿಲ್ಲ.

ಜನವರಿ ಎಂಟಕ್ಕೆ ಮೊಗ್ಗು, ಮಡಿಚಿಟ್ಟ ಕೊಡೆಗಳಂತೆ.
ಹನ್ನೆರಡಕ್ಕೆ ಫೋನು.
"ಮಾಚವ್ವ, ಪ್ರದರ್ಶನ ಮುಂದಕ್ಕೆ ಹೋಗಿದೆ,
ಫೆಬ್ರವರಿ ಹದಿನಾಲ್ಕು. ಹೂವಿಗೆ ಸ್ವಲ್ಪ ಹೇಳಿ ನೋಡಿ."

ಹೂವಿಗೆ ಹೇಳುವ ಭಾಷೆ ಒಂದೇ,
ಹೆಬ್ಬೆರಳು ಮತ್ತು ತೋರುಬೆರಳು.
ಎರಡು ಮಧ್ಯಾಹ್ನ ಕೂತು ಚಿವುಟಿದೆ.
ಬೆರಳಿಗೆ ಅಂಟು, ಅಂಟಿಗೆ ಧೂಳು.
ಹಬ್ಬದ ರಾತ್ರಿ ಬಿಟ್ಟು, ಅಟ್ಟ ಹತ್ತಿ ಇಳಿದು
ಒಂದು ದಿನವೂ ತಪ್ಪದಂತೆ ಕೂಡಿಸಿದ ಲೆಕ್ಕವನ್ನು
ಬಕೆಟ್ಟಿಗೆ ತುಂಬಿ ಗೊಬ್ಬರದ ಗುಂಡಿಗೆ ಸುರಿದೆ.

ಇಪ್ಪತ್ತಾರರ ಬೆಳಿಗ್ಗೆ
ರಸ್ತೆಯಾಚೆ ಶಾಲೆಯಲ್ಲಿ ಬಾವುಟದ ಹಗ್ಗ ಕಿರುಗುಟ್ಟುವಾಗ
ನೀರಿನ ಡ್ರಮ್ಮಿನ ಹಿಂದೆ, ಕಣ್ತಪ್ಪಿದ ಕುಂಡದಲ್ಲಿ
ಒಂದೇ ಒಂದು, ನೇರಳೆ, ಪೂರ್ತಿ ಬಿಚ್ಚಿ,
ತೇದಿ ಬದಲಾದದ್ದು ಯಾರೂ ತಿಳಿಸದೆ
ಹೊಸ ಬಟ್ಟೆ ಉಟ್ಟು ಬಂದವರ ಹಾಗೆ ನಿಂತಿತ್ತು.

ಪುಸ್ತಕದಲ್ಲಿ ಮುನ್ನೂರ ತೊಂಬತ್ತೊಂಬತ್ತು ಎಂದು ತಿದ್ದಿದೆ.
ಅದನ್ನು ಒಯ್ದು ಮೊಯ್ದುಕ್ಕನ ಗಲ್ಲಾದ ಪಕ್ಕ ಇಟ್ಟೆ.
ಎರಡು ಬನ್ನು ಕಟ್ಟಿಕೊಟ್ಟರು,
ಒಂದಕ್ಕೆ ಕಾಸು ತೆಗೆದುಕೊಂಡರು.